ಘಾಟಿ ರಸ್ತೆಯ ಹತ್ತನೆಯ ಕಾರು

37 ಕಾರು, 18 ಲಾರಿ. ಬಾನೆತ್ತರದಲ್ಲಿ ಅಣುಬಾಂಬ್ ಸಿಡಿದು ಅದರ ವಿದ್ಯುತ್ಕಾಂತೀಯ ಸ್ಪಂದ ನೆಲಕ್ಕೆ ಬಡಿದರೆ ಇಂದಿನ ವಾಹನಗಳ ಗತಿ ಏನು ಎಂದು ಕೇಳಿದವರ ಮುಂದೆ ಹೆಚ್ಚಾಗಿ ಬಂದು ನಿಲ್ಲುವ ದಾಖಲೆ ಇಷ್ಟು ವಾಹನಗಳನ್ನು ನೆಚ್ಚಿಕೊಂಡಿದೆ. ಅಮೆರಿಕದ ಸಂಸತ್ತು ನೇಮಿಸಿದ್ದ ಇಎಂಪಿ ಆಯೋಗ 2008ರ ಏಪ್ರಿಲ್‌ನಲ್ಲಿ ಹೊರತಂದ ವರದಿಯ ಸಾರಿಗೆ ಅಧ್ಯಾಯದಲ್ಲಿ ಈ ಪರೀಕ್ಷೆಯ ವಿವರ ಕೆಲವೇ ಪ್ಯಾರಾಗಳಲ್ಲಿ ಮುಗಿದುಹೋಗುತ್ತದೆ. ನಾನು ಅದನ್ನು ಮೊದಲು ಓದಿದ್ದು ಮೈಸೂರಿನಲ್ಲಿ. ಮತ್ತೆ ಓದಿದ್ದು ವಯನಾಡಿನ ಲಕ್ಕಿಡಿಯಲ್ಲಿ, ಘಾಟಿ ಇಳಿಯುವ ವಾಹನಗಳ ಸಾಲನ್ನು ನೋಡುತ್ತ. ಅಂಕಿಗಳು ಅವೇ ಇದ್ದವು, ಅವುಗಳ ಅರ್ಥ ಮಾತ್ರ ಅದೇ ಆಗಿರಲಿಲ್ಲ.

ಹುಡುಕಾಟಕ್ಕೆ ಹಚ್ಚಿದ್ದು ಒಂದು ನಂಬಿಕೆ. ಸುಲ್ತಾನ್ ಬತ್ತೇರಿ, ಮೇಪ್ಪಾಡಿ, ಮಾನಂದವಾಡಿಯ ಕಡೆ ಹಳೆಯ ಮಹೀಂದ್ರ ಜೀಪುಗಳು ಇವತ್ತಿಗೂ ದುಡಿಯುತ್ತಿವೆ. ತೋಟದ ಆಳುಗಳನ್ನು, ಶುಂಠಿ ಮೂಟೆಗಳನ್ನು, ಶಾಲೆ ಮಕ್ಕಳನ್ನು ಹೊತ್ತು ಕಡಿದಾದ ಮಣ್ಣುದಾರಿ ಹತ್ತುವ ಗಾಡಿಗಳು. ಬಾಂಬ್ ಸಿಡಿದು ಕಂಪ್ಯೂಟರ್ ಕಾರುಗಳೆಲ್ಲ ಕೆಟ್ಟು ನಿಂತರೂ ಈ ಜೀಪು ನಿಲ್ಲುವುದಿಲ್ಲ ಎಂಬ ಮಾತನ್ನು ಅಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನನಗೆ ಹೇಳಿದರು. ಬತ್ತೇರಿಯ ಹೊರವಲಯದ ಮೆಕಾನಿಕ್ ಒಬ್ಬರು ಬಾನೆಟ್ ಎತ್ತಿ ತೋರಿಸಿಯೇ ಹೇಳಿದರು. ಗುಂಡ್ಲುಪೇಟೆಯಿಂದ ತರಕಾರಿ ಹೇರಿಕೊಂಡು ಕೋಯಿಕ್ಕೋಡಿಗೆ ಹೋಗುವ ಲಾರಿಯವರ ಜೊತೆ ಮಾತಾಡಿ ಮಾತಾಡಿ ಅವರಿಗೆ ಕನ್ನಡ ಚೆನ್ನಾಗಿ ಒಲಿದಿತ್ತು.

"ಟೀಚರೇ, ಇದ್ರಲ್ಲಿ ಕೆಡೋಕೆ ಏನುಂಟು ಹೇಳಿ? ಡೀಸೆಲ್ ಬಂದ್ರೆ ಓಡ್ತದೆ, ಸ್ಟಾಪರ್ ಎಳೆದ್ರೆ ನಿಲ್ತದೆ."

"ಬ್ಯಾಟರಿ ಹೋದ್ರೆ ಚೇಟಾ?"

"ಇಳಿಜಾರಲ್ಲಿ ತಳ್ಳಿದ್ರಾಯ್ತು. ವಯನಾಡಲ್ಲಿ ಇಳಿಜಾರಿಗೆ ಬರವೇ?"

ಅವರ ಮಾತಿನಲ್ಲಿ ತಥ್ಯವಿದೆ. ಆ ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಅಳೆದು ಕೊಡುವ ಪಂಪು ಎಂಜಿನ್ನಿನ ತಿರುಗುವಿಕೆಯಿಂದಲೇ ನಡೆಯುತ್ತದೆ, ನಾಝಲ್ ತೆರೆಯುವುದು ಡೀಸೆಲ್ಲಿನ ಒತ್ತಡದಿಂದ, ಹೊತ್ತಿಕೊಳ್ಳುವುದು ಅದುಮಿದ ಗಾಳಿಯ ಕಾವಿನಿಂದ. ಕಿಡಿ ಬೇಕಿಲ್ಲ, ಲೆಕ್ಕ ಹಾಕುವ ಪೆಟ್ಟಿಗೆ ಬೇಕಿಲ್ಲ. ಹಾಗೆಂದು ಅದರಲ್ಲಿ ಅರೆವಾಹಕವೇ ಇಲ್ಲವೆಂದಲ್ಲ. ಬ್ಯಾಟರಿ ತುಂಬುವ ಆಲ್ಟರ್ನೇಟರಿನೊಳಗೆ ಡಯೋಡುಗಳಿವೆ. ಆದರೆ ಡಯೋಡು ಸುಟ್ಟರೆ ದೀಪ ಹೋಗುತ್ತದೆ, ಹಗಲು ಹೊತ್ತಿನ ಓಟ ನಿಲ್ಲುವುದಿಲ್ಲ. ನನಗೆ ತಿಳಿಯಬೇಕಿದ್ದದ್ದು ಆ ಮಾತಿನ ಉಳಿದರ್ಧ. ಕಂಪ್ಯೂಟರ್ ಕಾರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಮೊದಲು ಹೇಳಿದವರು ಯಾರು, ಯಾವುದನ್ನು ನೋಡಿ?

ಹಿಂದಕ್ಕೆ ಹೋದರೆ ದಾರಿ 1962ಕ್ಕೆ ಮುಟ್ಟುತ್ತದೆ. ಆ ವರ್ಷ ಜುಲೈ 8ರ ರಾತ್ರಿ, ಹವಾಯಿಯ ಗಡಿಯಾರದಲ್ಲಿ 11 ಗಂಟೆ ಕಳೆದ ಕೆಲವೇ ಸೆಕೆಂಡುಗಳಿಗೆ, ಪೆಸಿಫಿಕ್ ಸಾಗರದ ಜಾನ್ಸ್‌ಟನ್ ದ್ವೀಪದ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕ 1.4 ಮೆಗಾಟನ್ ಬಾಂಬ್ ಸಿಡಿಸಿತು. ಸ್ಟಾರ್‌ಫಿಶ್ ಪ್ರೈಮ್ ಎಂದು ಅದರ ಹೆಸರು. ನಮ್ಮಲ್ಲಿ ಆಗ ಜುಲೈ 9ರ ಮಧ್ಯಾಹ್ನ ಎರಡೂವರೆ. ಅಲ್ಲಿಂದ ಸುಮಾರು 1,450 ಕಿಲೋಮೀಟರ್ ದೂರದ ಒಆಹು ದ್ವೀಪದಲ್ಲಿ ಬೀದಿದೀಪಗಳ 30 ಸಾಲುಗಳು ಆರಿದವು, ಕಳ್ಳರ ಎಚ್ಚರಿಕೆ ಗಂಟೆಗಳು ಬಡಿದುಕೊಂಡವು, ದ್ವೀಪಗಳ ನಡುವಿನ ಮೈಕ್ರೋವೇವ್ ದೂರವಾಣಿ ಕೊಂಡಿ ಕಡಿಯಿತು. 1989ರಲ್ಲಿ ಸ್ಯಾಂಡಿಯಾ ಪ್ರಯೋಗಾಲಯದ ಚಾರ್ಲ್ಸ್ ವಿಟಿಟೋ ಆ ದೀಪಗಳ ಸರ್ಕೀಟನ್ನು, ಫ್ಯೂಸುಗಳನ್ನು, ತಂತಿ ಹಾಯ್ದ ದಿಕ್ಕನ್ನು ಒಂದೊಂದಾಗಿ ಎತ್ತಿಕೊಂಡು, ಇವು ಆರಿದ್ದು ಸ್ಪಂದದಿಂದಲೇ ಹೌದೇ ಎಂದು ಲೆಕ್ಕ ಹಾಕಿದರು. ಘಟನೆ ಕಳೆದು 27 ವರ್ಷವಾದ ಮೇಲೆ ಬೀದಿದೀಪದ ಫ್ಯೂಸನ್ನು ಇಷ್ಟು ಗಂಭೀರವಾಗಿ ವಿಚಾರಿಸಿದ ಆ ವರದಿ ನನಗೆ ಬಹಳ ಹಿಡಿಸಿತು. ಊರಿನ ಸುಮಾರು 300 ದೀಪ ಆರಿದವು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಅದು ಅಲ್ಲಿನ ಒಟ್ಟು ದೀಪಗಳಲ್ಲಿ ನೂರಕ್ಕೆ ಒಂದರಷ್ಟು ಎಂಬುದನ್ನು ಬರೆಯುವವರು ಕಡಿಮೆ.

ಅದೇ ವರ್ಷ ಅಕ್ಟೋಬರ್ 22ರಂದು ಸೋವಿಯತ್ ಒಕ್ಕೂಟ ಕಜಾಕಸ್ತಾನದ ಮೇಲೆ 290 ಕಿಲೋಮೀಟರ್ ಎತ್ತರದಲ್ಲಿ 300 ಕಿಲೋಟನ್ ಬಾಂಬ್ ಸಿಡಿಸಿತು. 570 ಕಿಲೋಮೀಟರ್ ಉದ್ದದ ದೂರವಾಣಿ ಮಾರ್ಗದ ರಕ್ಷಕಗಳು ಸಿಡಿದವು, ಕರಗಂಡದ ವಿದ್ಯುತ್ ಕೇಂದ್ರದಲ್ಲಿ ಬೆಂಕಿ ಎದ್ದಿತು. ಎರಡೂ ಕಡೆ ಪೆಟ್ಟು ತಿಂದದ್ದು ಉದ್ದ ತಂತಿ. ಬೀದಿದೀಪದ ಸಾಲು, ದೂರವಾಣಿ ಮಾರ್ಗ, ನೆಲದಡಿಯ ಕೇಬಲ್. ಕಾರಿಗೆ ಅಷ್ಟು ಉದ್ದದ ತಂತಿಯಿಲ್ಲ. 1962ರ ಕಾರಿನೊಳಗೆ ಇದ್ದದ್ದು ಕಾಯಿಲ್, ಪಾಯಿಂಟ್, ಕಾರ್ಬ್ಯುರೇಟರ್. ಅಂದಮೇಲೆ ಕಾರುಗಳು ಸಾಯುತ್ತವೆ ಎಂಬ ಮಾತು ಆ ಪರೀಕ್ಷೆಗಳಲ್ಲಿ ಕಂಡದ್ದಲ್ಲ. ಎಂಜಿನ್ನಿಗೆ ಕಂಪ್ಯೂಟರ್ ಬಂದ ಮೇಲೆ ಊಹೆಯಾಗಿ ಸೇರಿಕೊಂಡದ್ದು.

ಊಹೆಗೆ ಆಧಾರವಿಲ್ಲದೆ ಇಲ್ಲ. ಎತ್ತರದಲ್ಲಿ ಬಾಂಬ್ ಸಿಡಿದಾಗ ಹೊರಡುವ ಗಾಮಾ ಕಿರಣಗಳು ನೆಲದಿಂದ 20–40 ಕಿಲೋಮೀಟರ್ ಮೇಲಿನ ತೆಳುಗಾಳಿಯ ಅಣುಗಳಿಗೆ ಬಡಿದು ಎಲೆಕ್ಟ್ರಾನುಗಳನ್ನು ಕಿತ್ತೊಗೆಯುತ್ತವೆ. ಆ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ ಒಟ್ಟಿಗೆ ಬಾಗುತ್ತವೆ; ಹಾಗೆ ಬಾಗುವಾಗ ಹೊಮ್ಮುವ ಅಲೆಯೇ ಸ್ಪಂದದ ಮೊದಲ ಪೆಟ್ಟು. ಈ ವಿವರಣೆಯನ್ನು ಕಟ್ಟಿಕೊಟ್ಟವರು ಲಾಸ್ ಅಲಮೋಸ್‌ನ ಭೌತವಿಜ್ಞಾನಿ ಕಾನ್ರಾಡ್ ಲಾಂಗ್‌ಮೈರ್. ಅಂತರರಾಷ್ಟ್ರೀಯ ಮಾನಕದಲ್ಲಿ ಈ ಪೆಟ್ಟಿನ ತುದಿ ಮೀಟರಿಗೆ 50,000 ವೋಲ್ಟ್, ಏರಲು ತೆಗೆದುಕೊಳ್ಳುವ ಹೊತ್ತು 2.5 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಸಾಗುವುದೇ ಮುಕ್ಕಾಲು ಮೀಟರ್. ಸಿಡಿಲಿನ ಏರಿಕೆ ಇದಕ್ಕಿಂತ ಎಷ್ಟೋ ಪಟ್ಟು ನಿಧಾನ, ಹಾಗಾಗಿ ಸಿಡಿಲಿಗೆಂದು ಕೂರಿಸಿದ ರಕ್ಷಕ ಎಚ್ಚೆತ್ತುಕೊಳ್ಳುವ ಮುಂಚೆಯೇ ಇದು ದಾಟಿಹೋಗಬಹುದು. ಇಷ್ಟು ಚುರುಕಾದ ಅಲೆಗೆ ಒಂದೆರಡು ಮೀಟರಿನ ತಂತಿಯೂ ಆಂಟೆನಾ ಆಗುತ್ತದೆ. ಕಾರಿನ ವೈರಿಂಗಿನಲ್ಲಿ ಅಂಥ ತುಂಡುಗಳು ಬೇಕಾದಷ್ಟಿವೆ.

ಆ ವಿವರಣೆಯಲ್ಲಿ ಭೂಮಿಯ ಕಾಂತಕ್ಷೇತ್ರ ಬಂದದ್ದು ನನ್ನನ್ನು ತಡೆದು ನಿಲ್ಲಿಸಿತು. ಪೆಟ್ಟಿನ ಬಲ ಆಯಾ ಊರಿನ ಮೇಲಿನ ಕಾಂತಕ್ಷೇತ್ರದ ಬಲವನ್ನೂ ಅದರ ಓರೆಯನ್ನೂ ಅವಲಂಬಿಸಿದೆ ಎಂದಾದರೆ, ವಯನಾಡಿನ ಮೇಲೆ ಅದು ಎಷ್ಟಿದೆ ಎಂದು ನೋಡಲೇಬೇಕಲ್ಲ. ಕೇರಳದ ಮಟ್ಟಿಗೆ ಕಾಂತಕ್ಷೇತ್ರದ ದಾಖಲೆ ತೆರೆಯುವುದು ತಿರುವನಂತಪುರದಲ್ಲಿ. ಕರ್ನಾಟಕ ಸಂಗೀತದ ರಸಿಕರು ಬಲ್ಲ ಸ್ವಾತಿ ತಿರುನಾಳ್ ಮಹಾರಾಜರು 1837ರಲ್ಲಿ ಅಲ್ಲೊಂದು ವೀಕ್ಷಣಾಲಯ ಕಟ್ಟಿಸಿ ಜಾನ್ ಕಾಲ್ಡಿಕಾಟ್ ಅವರ ಕೈಗೆ ಒಪ್ಪಿಸಿದರು. ಮುಂದೆ ಅದರ ನಿರ್ದೇಶಕರಾಗಿ ಬಂದ ಜಾನ್ ಅಲನ್ ಬ್ರೌನ್ 1855ರಲ್ಲಿ ಅಗಸ್ತ್ಯಮಲೆಯ ಮೇಲೂ ಒಂದು ವೀಕ್ಷಣಾಲಯ ಎಬ್ಬಿಸಿದರು. ಮಳೆ, ಜಿಗಣೆ, ಕಾಡಾನೆಯ ಆ ಬೆಟ್ಟದ ತುದಿಯಲ್ಲಿ ಕಾಂತಸೂಚಿಯ ಓಲಾಟವನ್ನು ಬರೆದಿಟ್ಟುಕೊಂಡು, ಅದನ್ನು 1874ರಲ್ಲಿ ಪುಸ್ತಕ ಮಾಡಿದರು. ಆ ಪುಸ್ತಕದ ಅಂಕಣಗಳನ್ನು ನೋಡುತ್ತ ಕುಳಿತಾಗ, ಕಾರೇ ಹುಟ್ಟದ ಕಾಲದಲ್ಲಿ ಬರೆದಿಟ್ಟ ಅಂಕಿಗಳು ಕಾರಿನ ಪ್ರಶ್ನೆಗೆ ಉತ್ತರ ಕೊಡುತ್ತಿವೆ ಎಂಬುದು ನನ್ನನ್ನು ಹುರಿದುಂಬಿಸಿತು.

ಭೂಮಿಯ ಕಾಂತ ಸಮಭಾಜಕ ಕೇರಳದ ತೆಂಕಣ ತುದಿಯ ಬಳಿ ಹಾಯುತ್ತದೆ. 1963ರ ನವೆಂಬರ್ 21ರಂದು ನಮ್ಮ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ತಿರುವನಂತಪುರದ ಬಳಿಯ ತುಂಬಾದಲ್ಲಿ ಹಾರಿದ್ದು ಆ ಕಾರಣಕ್ಕೇ. ಧ್ರುವಗಳ ಕಡೆ 60,000 ನ್ಯಾನೊಟೆಸ್ಲಾ ದಾಟುವ ಕಾಂತಕ್ಷೇತ್ರ ನಮ್ಮ ಈ ಪಟ್ಟಿಯಲ್ಲಿ 40,000ದ ಆಸುಪಾಸು. ಅಂದರೆ ಅದೇ ಬಾಂಬು ಅದೇ ಎತ್ತರದಲ್ಲಿ ಸಿಡಿದರೂ ಉತ್ತರ ಅಮೆರಿಕಕ್ಕೆಂದು ಹಾಕಿದ ತುದಿಲೆಕ್ಕವನ್ನು ವಯನಾಡಿಗೆ ಹಾಗೆಯೇ ತಂದು ಕೂರಿಸುವಂತಿಲ್ಲ. ಇಲ್ಲಿ ಅದು ತಗ್ಗುತ್ತದೆ. ತಗ್ಗುತ್ತದೆ ಎಂದರೆ ಇಲ್ಲವಾಗುತ್ತದೆ ಎಂದಲ್ಲ. 400 ಕಿಲೋಮೀಟರ್ ಎತ್ತರದ ಸ್ಫೋಟದ ಕಣ್ಣಳತೆಗೆ ನೆಲದ ಮೇಲೆ ಸುಮಾರು 2,200 ಕಿಲೋಮೀಟರ್ ತ್ರಿಜ್ಯದ ವೃತ್ತ ಬೀಳುತ್ತದೆ. ವಯನಾಡಿನ ಮೇಲೆ ಯಾರೂ ಗುರಿ ಇಡಬೇಕಾಗಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡಬೇಕು, ಏಕೆಂದರೆ ನಾನು ಮಾತಾಡಿಸಿದ ಹೆಚ್ಚಿನವರು ಸೌರ ಬಿರುಗಾಳಿಯನ್ನೂ ಬಾಂಬಿನ ಸ್ಪಂದವನ್ನೂ ಒಂದೇ ಎಂದುಕೊಂಡಿದ್ದರು. ಸೌರ ಬಿರುಗಾಳಿಗೂ ನಮ್ಮಲ್ಲೇ ದೊಡ್ಡ ದಾಖಲೆಯಿದೆ. 1859ರ ಸೆಪ್ಟೆಂಬರ್ 2ರಂದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಕ್ಷೇತ್ರದ ಅಡ್ಡ ಅಂಶ ಸುಮಾರು 1,600 ನ್ಯಾನೊಟೆಸ್ಲಾ ಕುಸಿದದ್ದನ್ನು ಅಲ್ಲಿನವರು ಕಣ್ಣಿಟ್ಟು ಬರೆದುಕೊಂಡರು. 2003ರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಆ ಹಾಳೆಗಳನ್ನು ಮತ್ತೆ ತೆರೆದು, ಕ್ಯಾರಿಂಗ್ಟನ್ ಬಿರುಗಾಳಿ ಎಂದು ಹೆಸರಾದ ಆ ಸೌರ ಬಿರುಗಾಳಿಯ ಬಲವನ್ನು ಅಳೆದರು. ಮುಂಬಯಿಗೆ ವಿದ್ಯುತ್ ಟ್ರಾಮ್ ಬರುತ್ತದೆ, ಅದರ ಕರೆಂಟು ಸೂಕ್ಷ್ಮ ಕಾಂತಸೂಚಿಯನ್ನು ಕದಡುತ್ತದೆ ಎಂದು 1904ರಲ್ಲಿ ಕಾಂತಮಾಪನವನ್ನು ಅಲಿಬಾಗಿಗೆ ಎತ್ತಿಕೊಂಡು ಹೋದದ್ದೂ ಇದೇ ಸಂಸ್ಥೆಯ ಚರಿತ್ರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಉಪಕರಣವನ್ನು ಹೊತ್ತ ಆದಿತ್ಯ-ಎಲ್1 ಸೂರ್ಯನ ಕಾವಲಿಗೆ ಹೊರಟದ್ದು 2023ರಲ್ಲಿ, ಅದೂ ಸೆಪ್ಟೆಂಬರ್ 2ರಂದೇ.

ಆದರೆ ಸೌರ ಬಿರುಗಾಳಿ ನಿಧಾನದ್ದು. ನಿಮಿಷ, ಗಂಟೆಗಳ ಅಳತೆಯಲ್ಲಿ ಏರಿಳಿಯುವ ಅದು ನೂರಾರು ಕಿಲೋಮೀಟರ್ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಕರೆಂಟು ಹರಿಸಿ ಟ್ರಾನ್ಸ್‌ಫಾರ್ಮರುಗಳನ್ನು ಕಾಡುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕುಳಿತರು. ಅವರ ಕಾರುಗಳಿಗೆ ಏನೂ ಆಗಲಿಲ್ಲ. ಬಾಂಬಿನ ಸ್ಪಂದದಲ್ಲಿ ಮೂರು ಹಂತಗಳಿವೆ. ಮೊದಲನೆಯದು ಮೇಲೆ ಹೇಳಿದ ಚುರುಕು ಪೆಟ್ಟು, ನಡುವಿನದು ಸಿಡಿಲನ್ನು ಹೋಲುವಂಥದ್ದು, ಕೊನೆಯದು ಸೌರ ಬಿರುಗಾಳಿಯಂತೆ ನಿಧಾನದ್ದು. ಕಾರಿಗೆ ಸಂಬಂಧಿಸಿದ್ದು ಮೊದಲನೆಯದು. ಪೆಟ್ರೋಲ್ ಬಂಕಿಗೆ ಸಂಬಂಧಿಸಿದ್ದು ಮೂರೂ.

ಈಗ ಆ 37 ಕಾರುಗಳಿಗೆ ಬರೋಣ. 1986ರಿಂದ 2002ರವರೆಗಿನ ಮಾದರಿಗಳು. ಕೃತಕ ಸ್ಪಂದ ಹೊರಡಿಸುವ ಯಂತ್ರದಡಿ ನಿಲ್ಲಿಸಿ ಬಲವನ್ನು ಹಂತಹಂತವಾಗಿ ಏರಿಸುತ್ತ ಹೋದರು. ಏನಾದರೂ ಎಡವಟ್ಟು ಕಂಡಲ್ಲಿ, ಇಲ್ಲವೇ ಯಂತ್ರದ ಮಿತಿಯಾದ ಮೀಟರಿಗೆ 50,000 ವೋಲ್ಟ್ ಮುಟ್ಟಿದಲ್ಲಿ ನಿಲ್ಲಿಸಿದರು. ಎಂಜಿನ್ ಆಫ್ ಆಗಿದ್ದ ಕಾರುಗಳಿಗೆ ಏನೂ ಆಗಲಿಲ್ಲ. ಓಡುತ್ತಿದ್ದವುಗಳಲ್ಲಿ ಮೂರು ಕಾರುಗಳ ಎಂಜಿನ್ ಸುಮಾರು 30,000 ವೋಲ್ಟ್ ಅಥವಾ ಅದಕ್ಕೆ ಮೇಲ್ಪಟ್ಟಲ್ಲಿ ನಿಂತುಹೋಯಿತು. ಒಂದರ ಡ್ಯಾಶ್‌ಬೋರ್ಡ್ ಕೆಟ್ಟು ರಿಪೇರಿಗೆ ಬಂತು. 25 ಕಾರುಗಳಲ್ಲಿ ದೀಪ ಮಿನುಗುವಂಥ ಸಣ್ಣ ಕಿರಿಕಿರಿ. ಎಂಟು ಕಾರುಗಳು ಯಾವ ವ್ಯತ್ಯಾಸವನ್ನೂ ತೋರಲಿಲ್ಲ. ನಿಂತ ಕಾರನ್ನು ಚಾಲಕ ಮತ್ತೆ ಸ್ಟಾರ್ಟ್ ಮಾಡಿಕೊಳ್ಳಬೇಕಾಗುತ್ತದೆ ಎಂದು ವರದಿ ಹೇಳುತ್ತದೆ. 25,000 ವೋಲ್ಟಿಗಿಂತ ಕೆಳಗೆ ಹೇಳಿಕೊಳ್ಳುವಂಥ ಪರಿಣಾಮವಿಲ್ಲ. ಅದಕ್ಕೆ ಮೇಲ್ಪಟ್ಟಲ್ಲಿ ಹತ್ತರಲ್ಲಿ ಒಂದು ಕಾರಿಗೆ, ಅಥವಾ ಅದಕ್ಕಿಂತ ತುಸು ಹೆಚ್ಚಿಗೆ, ಚಾಲಕ ಕೈಹಾಕಲೇಬೇಕಾದ ತೊಂದರೆ ಬರಬಹುದು ಎಂಬುದು ಅದರ ಅಂದಾಜು. ಲಾರಿಗಳ ಲೆಕ್ಕ ಇದಕ್ಕಿಂತ ಕೆಟ್ಟದು: 18ರಲ್ಲಿ ಮೂರು ನಿಂತವು, ಅವುಗಳಲ್ಲಿ ಒಂದನ್ನು ಗ್ಯಾರೇಜಿಗೆ ಎಳೆದೊಯ್ಯಬೇಕಾಯಿತು.

ಕಂಪ್ಯೂಟರ್ ಹೊತ್ತ ಕಾರು ಇಷ್ಟನ್ನು ತಾಳಿಕೊಂಡದ್ದಕ್ಕೆ ಕಾರಣ ಕಾರಿನ ಒಳಗೇ ಇದೆ. ಪೆಟ್ರೋಲ್ ಎಂಜಿನ್ನಿನ ಕಿಡಿ ಹುಟ್ಟುವುದೇ ಹತ್ತಿಪ್ಪತ್ತು ಸಾವಿರ ವೋಲ್ಟಿನಲ್ಲಿ, ಅದೂ ಎಂಜಿನ್ನನ್ನು ಆಳುವ ಕಂಪ್ಯೂಟರಾದ ಇಸಿಎಂ ಪೆಟ್ಟಿಗೆಯಿಂದ ಗೇಣುಗಳ ದೂರದಲ್ಲಿ. ಓಡುವ ಗಾಡಿಯಲ್ಲಿ ಬ್ಯಾಟರಿ ತಂತಿ ಕಳಚಿದರೆ 12 ವೋಲ್ಟಿನ ಮಾರ್ಗದಲ್ಲಿ ಒಮ್ಮೆಲೇ ಅದರ ಎಷ್ಟೋ ಪಟ್ಟು ನುಗ್ಗುತ್ತದೆ. ಅಂಥ ನೆರೆಹೊರೆಯಲ್ಲಿ ಬಾಳಬೇಕಾದ ಪೆಟ್ಟಿಗೆಯನ್ನು ಮೊದಲಿನಿಂದಲೂ ಗಟ್ಟಿಮುಟ್ಟಾಗಿ ಮಾಡುತ್ತ ಬಂದಿದ್ದಾರೆ. ಲೋಹದ ಹೊದಿಕೆಯೂ ಒಂದಿಷ್ಟು ತಡೆಯುತ್ತದೆ. ಗಾಜಿನ ಕಿಟಕಿ, ಪ್ಲಾಸ್ಟಿಕ್ ಬಂಪರುಗಳ ದೆಸೆಯಿಂದ ಆ ರಕ್ಷಣೆ ಪೂರ್ತಿಯಲ್ಲ, ಅಷ್ಟೇ. ನಮ್ಮ ದೇಶದಲ್ಲೂ ಹೊಸ ವಾಹನ ರಸ್ತೆಗೆ ಇಳಿಯುವ ಮುನ್ನ ಪುಣೆಯ ಎಆರ್‌ಎಐನಂಥ ಕೇಂದ್ರಗಳಲ್ಲಿ ರೇಡಿಯೋ ಅಲೆಗಳ ಪರೀಕ್ಷೆ ದಾಟಬೇಕು. ಆದರೆ ಅದು ಮೀಟರಿಗೆ ಸುಮಾರು 30 ವೋಲ್ಟಿನ ಎಡೆಬಿಡದ ಅಲೆಯದು, ಮೊಬೈಲ್ ಟವರು, ರೇಡಿಯೋ ಸ್ತಂಭಗಳನ್ನು ನೆನೆದು ಮಾಡಿದ್ದು. ಸಾವಿರಾರು ವೋಲ್ಟಿನ ಕ್ಷಣಿಕ ಪೆಟ್ಟಿನ ಬಗ್ಗೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ವರದಿಯ ಪಟ್ಟಿ 2002ಕ್ಕೆ ನಿಲ್ಲುತ್ತದೆ ಎಂಬುದು ನಮಗೆ ಏಕೆ ಮುಖ್ಯ? ಇದಕ್ಕಾಗಿ ನಾನು ಹೊಗೆ ನಿಯಮಗಳ ಅಧಿಸೂಚನೆಗಳನ್ನು ಹಿಡಿದೆ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಕಾರ್ಬ್ಯುರೇಟರಿನ ಕಾರು. 1999ರ ಏಪ್ರಿಲ್ 29ರಂದು, ಎಂ.ಸಿ. ಮೆಹ್ತಾ ಅವರು ಹೂಡಿದ್ದ ದೆಹಲಿಯ ಗಾಳಿಯ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ರಾಜಧಾನಿ ಪ್ರದೇಶಕ್ಕೆ ಯೂರೋ ಮಾನದಂಡಗಳನ್ನು ಅವಸರದಲ್ಲಿ ಜಾರಿ ಮಾಡಿಸಿತು. ಆ ಮಾನದಂಡ ಮುಟ್ಟಲು ಸಣ್ಣ ಕಾರಿನ ಎಂಜಿನ್ನಿಗೂ ಇಂಧನವನ್ನು ಲೆಕ್ಕ ಹಾಕಿ ಚಿಮ್ಮಿಸುವ ಪೆಟ್ಟಿಗೆ ಬೇಕಾಯಿತು. 2000ದ ಏಪ್ರಿಲ್‌ಗೆ ದೇಶಕ್ಕೆಲ್ಲ ಭಾರತ್ 2000, 2010ಕ್ಕೆ ಭಾರತ್ ಸ್ಟೇಜ್ 3 ಅಂದರೆ ಬಿಎಸ್-3, 2017ಕ್ಕೆ ಬಿಎಸ್-4, 2020ರ ಏಪ್ರಿಲ್ 1ಕ್ಕೆ ನೇರ ಬಿಎಸ್-6. ಬಿಎಸ್-6ರಲ್ಲಿ ಹೆಚ್ಚಿನ ಬೈಕು, ಸ್ಕೂಟರುಗಳಿಗೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು. 2019ರಲ್ಲಿ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. ಉಸಿರಿಗೆ ಒಳ್ಳೆಯ ಗಾಳಿ ಬೇಕೆಂದು ಹೊರಟ ನ್ಯಾಯದ ದಾರಿಯೇ ಬಾನೆಟ್ಟಿನಡಿಗೆ ಕಂಪ್ಯೂಟರ್ ತಂದಿತು. ಅದು ಸರಿಯಾದ ದಾರಿ ಎಂದೇ ನಾನು ನಂಬುತ್ತೇನೆ. ಅಮೆರಿಕದ ಪಟ್ಟಿ ಮುಗಿಯುವ ಹೊತ್ತಿಗೆ ನಮ್ಮ ಕಾರುಗಳ ಎಲೆಕ್ಟ್ರಾನಿಕ್ ಕಥೆ ಆಗಷ್ಟೇ ಆರಂಭವಾಗಿತ್ತು. ಈಗಿನ ಕಾರಿನ ಸ್ಟೀರಿಂಗು, ಬ್ರೇಕು, ಆಕ್ಸಿಲರೇಟರು ಹತ್ತಾರು ಪೆಟ್ಟಿಗೆಗಳ ಮೂಲಕ ಒಂದೇ ಜಾಲದಲ್ಲಿ ಮಾತಾಡುತ್ತವೆ. ಆ 37ರ ಫಲಿತಾಂಶವನ್ನು ಇವುಗಳಿಗೆ ಅನ್ವಯಿಸುವಾಗ ಧೈರ್ಯವನ್ನೂ ಭಯವನ್ನೂ ಅಳತೆ ಮೀರಿ ಪಡೆಯಬಾರದು.

ಜೀಪಿನ ಕಡೆಯೂ ಕಾಲ ನಿಂತಿಲ್ಲ. 2010ರಲ್ಲಿ ಬಂದ ಥಾರ್‌ನಲ್ಲೇ ಎರಡು ಬಗೆಯಿದ್ದವು: ಹಳೆಯ ಯಾಂತ್ರಿಕ ಪಂಪಿನದೊಂದು, ಕಂಪ್ಯೂಟರ್ ಆಳುವ ಕಾಮನ್ ರೇಲ್ ಎಂಜಿನ್ನಿನದೊಂದು. ಹೊಗೆ ನಿಯಮ ಬಿಗಿಯಾದಂತೆ ಮೊದಲನೆಯದು ಮರೆಯಾಯಿತು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಬತ್ತೇರಿಯ ಮೆಕಾನಿಕ್ ಚೇಟ ತೋರಿಸಿದ ಗಾಡಿ ಖಾಸಗಿಯವರದು. ಅಂಥವು ಇನ್ನೂ ಇವೆ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಈ ಎಲ್ಲ ಕಾಗದಗಳನ್ನು ಹೊತ್ತು ಲಕ್ಕಿಡಿಗೆ ಹೋದಾಗ ನನಗೆ 'ಹತ್ತರಲ್ಲಿ ಒಂದು' ಎಂಬುದು ಬೇರೆಯಾಗಿ ಕಂಡಿತು. ವಯನಾಡು ಜಿಲ್ಲೆಗೆ ರೈಲು ಇಲ್ಲ. ವಿಮಾನ ನಿಲ್ದಾಣವಿಲ್ಲ. ಕರಾವಳಿಯ ಕಡೆಯಿಂದ ಏರಬೇಕಾದರೆ ತಾಮರಶ್ಶೇರಿ, ಕುಟ್ಟ್ಯಾಡಿ, ಪೇರಿಯ, ಪಾಲ್ಚುರಂ ಮುಂತಾದ ಘಾಟಿಗಳು. ನಮ್ಮ ಕಡೆಯಿಂದ ಮುತ್ತಂಗ, ಬಾವಲಿ, ತೋಲ್ಪೆಟ್ಟಿಯ ಕಾಡುದಾರಿಗಳು. ಇವುಗಳಲ್ಲಿ ಹೆಚ್ಚು ಭಾರ ಹೊರುವುದು ರಾಷ್ಟ್ರೀಯ ಹೆದ್ದಾರಿ 766ರ ತಾಮರಶ್ಶೇರಿ ಘಾಟಿ: ಅಡಿವಾರದಿಂದ ಲಕ್ಕಿಡಿಗೆ ಒಂಬತ್ತು ಹಿಮ್ಮುರಿ ತಿರುವುಗಳು. ಸಾಮಾನ್ಯ ದಿನಗಳಲ್ಲೇ ಒಂದು ಸರಕು ಲಾರಿ ತಿರುವಿನಲ್ಲಿ ಆಕ್ಸಲ್ ಮುರಿದುಕೊಂಡು ನಿಂತರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಗಂಟೆಗಟ್ಟಲೆ ಸಿಕ್ಕಿಬೀಳುತ್ತಾರೆ. ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿಗೆ ಹೊರಟ ಆಂಬುಲೆನ್ಸೂ ಸಿಕ್ಕಿಬೀಳುತ್ತದೆ.

ಬಯಲಿನ ಆರು ಪಥದ ಹೆದ್ದಾರಿಯಲ್ಲಿ ಹತ್ತರಲ್ಲಿ ಒಂದು ಕಾರು ನಿಂತರೆ ಉಳಿದ ಒಂಬತ್ತು ಬಳಸಿ ಹೋಗುತ್ತವೆ. ಘಾಟಿಯಲ್ಲಿ ಹತ್ತನೆಯದು ನಿಂತರೆ ಒಂಬತ್ತೂ ನಿಂತಂತೆಯೇ. ಓಡುತ್ತಿದ್ದ ಕಾರಿನ ಎಂಜಿನ್ ಏರುದಾರಿಯ ತಿರುವಿನಲ್ಲಿ ಸತ್ತರೆ ಏನೇನಾಗುತ್ತದೆ ಎಂದು ಬತ್ತೇರಿಯ ಚೇಟ ಬಿಡಿಸಿ ಹೇಳಿದ್ದರು. ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ. ಬ್ರೇಕಿನ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಸಲ ಒತ್ತುವಷ್ಟಕ್ಕೆ ಸಾಕು, ಆಮೇಲೆ ಪೆಡಲ್ ಗಟ್ಟಿ. ಗಾಬರಿಯಲ್ಲಿ ಗಾಡಿ ಹಿಂದಕ್ಕೆ ಉರುಳಿದರೆ ಹಿಂದಿನದಕ್ಕೆ ಬಡಿಯುತ್ತದೆ. ಲಾರಿಯ ಗಾಳಿ ಬ್ರೇಕಿನ ಟ್ಯಾಂಕಿಯಲ್ಲಿ ಉಳಿದ ಒತ್ತಡ ಇಳಿದುಹೋದರೆ ಸ್ಪ್ರಿಂಗ್ ಬ್ರೇಕು ತಾನೇ ಕಚ್ಚಿಕೊಂಡು ಗಾಡಿಯನ್ನು ನಡುರಸ್ತೆಯಲ್ಲಿ ಬಿಗಿದು ನಿಲ್ಲಿಸುತ್ತದೆ. ಮತ್ತೆ ಗಾಳಿ ತುಂಬುವ ತನಕ ತಳ್ಳಿದರೂ ಅಲ್ಲಾಡದು. ಸ್ಪಂದ ನೇರವಾಗಿ ಕೆಡಿಸುವ ಗಾಡಿಗಳಿಗಿಂತ, ಅದರಿಂದಾಗುವ ಡಿಕ್ಕಿಗಳಲ್ಲಿ ನುಜ್ಜಾಗುವ ಗಾಡಿಗಳೇ ಹೆಚ್ಚಾದಾವು ಎಂದು ಆಯೋಗವೂ ಎಚ್ಚರಿಸಿದೆ. ಮೈಸೂರಿನಲ್ಲಿ ಓದುವಾಗ ಆ ವಾಕ್ಯವನ್ನು ನಾನು ದಾಟಿಹೋಗಿದ್ದೆ. ಒಂಬತ್ತನೆಯ ತಿರುವಿನ ಬಳಿ ನಿಂತಾಗ ವರದಿಯಲ್ಲೆಲ್ಲ ಅದೇ ದೊಡ್ಡ ವಾಕ್ಯವಾಗಿ ಕಂಡಿತು. ಹತ್ತಾರು ವರ್ಷ ಹಳೆಯದಾದ ಜೀಪು ಓಡಬಲ್ಲ ಸ್ಥಿತಿಯಲ್ಲಿದ್ದರೂ, ಅದರ ಮುಂದೆ ಕಚ್ಚಿ ನಿಂತ ಲಾರಿಯನ್ನು ದಾಟಿ ಹೋಗುವುದೆಲ್ಲಿಗೆ?

ಹೊತ್ತೂ ಮುಖ್ಯ. ಎಂಜಿನ್ ಆಫ್ ಇದ್ದರೆ ತೊಂದರೆಯಿಲ್ಲ ಎಂಬ ಫಲಿತಾಂಶವನ್ನು ಮುತ್ತಂಗದ ದಾರಿಗೆ ಹೊಂದಿಸಿ ನೋಡಿದೆ. ಬಂಡೀಪುರದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಜಾರಿಯಲ್ಲಿದೆ. ಆ ಹೊತ್ತಿನಲ್ಲಿ ಎರಡೂ ಗಡಿಗಳಲ್ಲಿ ಲಾರಿಗಳು ಎಂಜಿನ್ ಆರಿಸಿ ನಿಂತಿರುತ್ತವೆ. ಹಗಲು ಹತ್ತು ಗಂಟೆಗೆ ಅದೇ ಲಾರಿಗಳು ತಾಮರಶ್ಶೇರಿ ಇಳಿಯುತ್ತಿರುತ್ತವೆ. ಒಂದೇ ವಾಹನಕ್ಕೆ ರಾತ್ರಿಯ ಲೆಕ್ಕ ಬೇರೆ, ಹಗಲಿನ ಲೆಕ್ಕ ಬೇರೆ.

ಗಾಡಿ ಓಡಿದರೂ ಎಣ್ಣೆ ಬೇಕು. ನೆಲದಡಿಯ ಟ್ಯಾಂಕಿನಿಂದ ಡೀಸೆಲ್ ಎತ್ತುವುದು ಕರೆಂಟಿನ ಪಂಪು, ಹಣ ತೆಗೆದುಕೊಳ್ಳುವುದು ಮೊಬೈಲ್ ಜಾಲ. ಬ್ಯಾಟರಿ ಆಟೋಗಳಿಗೆಂದು ಕೇರಳದ ವಿದ್ಯುತ್ ಮಂಡಳಿ ರಸ್ತೆಬದಿಯ ಕಂಬಗಳಿಗೇ ಚಾರ್ಜಿಂಗ್ ಪೆಟ್ಟಿಗೆ ಕಟ್ಟಿದೆ. ಅವು ನೇರವಾಗಿ ತಂತಿಯನ್ನೇ ನೆಚ್ಚಿವೆ. ಆ ತಂತಿಯ ಇನ್ನೊಂದು ತುದಿ ದೇಶವಿಡೀ ಹಬ್ಬಿದೆ: 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಜೋಡಣೆಯಾದಾಗಿನಿಂದ ದಕ್ಷಿಣದ ಜಾಲ ಉಳಿದ ದೇಶದ ಜೊತೆ ಒಂದೇ ತಾಳದಲ್ಲಿ ನಡೆಯುತ್ತಿದೆ. ಸ್ಪಂದದ ನಿಧಾನದ ಹಂತ ಹುಡುಕುವುದು ಇಂಥ ಉದ್ದವನ್ನೇ.

ತಂತಿ, ಫೋನು, ದಾರಿ ಮೂರೂ ಒಟ್ಟಿಗೆ ಕಡಿದರೆ ಹೇಗಿರುತ್ತದೆ ಎಂಬುದಕ್ಕೆ ವಯನಾಡಿನ ಬಳಿ ತನ್ನದೇ ದಾಖಲೆಯಿದೆ. ಅದನ್ನು ಬರೆಯುವಾಗ ಕೈ ಭಾರವಾಗುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದು ಇನ್ನೂರಕ್ಕೂ ಹೆಚ್ಚು ಜನ ಹೋದರು. ಚೂರಲ್‌ಮಲೆಯ ಸೇತುವೆ ಕೊಚ್ಚಿಹೋಗಿ ಆಚೆ ದಡ ಒಂಟಿಯಾಯಿತು. ಓಡಬಲ್ಲ ವಾಹನಗಳಿದ್ದವು, ಅವು ದಾಟಲು ನೆಲವಿರಲಿಲ್ಲ. ಹ್ಯಾಮ್ ರೇಡಿಯೋ ಹವ್ಯಾಸಿಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕುಳಿತು ಸಂದೇಶಗಳನ್ನು ಆಚೀಚೆ ದಾಟಿಸಿದರು. ಬೆಂಗಳೂರು ಮೂಲದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಕಟ್ಟಿ ಮುಗಿಸಿದ ಮೇಲೆಯೇ ಭಾರಿ ಯಂತ್ರಗಳು ಸರಾಗವಾಗಿ ಆಚೆಗೆ ಹೋದದ್ದು. ಕಾರಣ ಬೇರೆ, ದುಃಖ ಬೇರೆ. ಆದರೆ ಈ ಜಿಲ್ಲೆಯಲ್ಲಿ ವಾಹನ ಎಂಬುದು ಎಷ್ಟು ಬೇರೆ ಸಂಗತಿಗಳ ಮೇಲೆ ನಿಂತಿದೆ ಎಂದು ತೋರಿಸುವ ದಾಖಲೆ ಇದಕ್ಕಿಂತ ಸ್ಪಷ್ಟವಾದದ್ದು ನನಗೆ ಸಿಗಲಿಲ್ಲ.

ಹೀಗಾಗಿ ನನ್ನ ಹುಡುಕಾಟದ ದಿಕ್ಕು ಬದಲಾಗಿದೆ. ಯಾವ ಮಾದರಿಯ ಕಾರು ಎಷ್ಟು ವೋಲ್ಟ್ ತಾಳುತ್ತದೆ ಎಂಬುದನ್ನು ಪುಣೆಯ ಪ್ರಯೋಗಾಲಯಗಳು ಅಳೆಯಲಿ, ಬಿಎಸ್-6 ಗಾಡಿಗಳ ಮೇಲೆ ಅಳೆದು ಫಲಿತಾಂಶವನ್ನು ಪ್ರಕಟಿಸಲಿ. ತೆರಿಗೆದಾರರಾಗಿ ನಾವು ಅದನ್ನು ಕೇಳಬಹುದು, ಕೇಳಬೇಕು. ನಾನು ಈಗ ಕೇಳುತ್ತಿರುವುದು ತಾಮರಶ್ಶೇರಿ ಘಾಟಿಯಲ್ಲಿ ಕೆಟ್ಟು ನಿಂತ ವಾಹನಗಳ ದಾಖಲೆ. ಪೊಲೀಸರ ದಿನಚರಿಯಲ್ಲಿ, ಅಗ್ನಿಶಾಮಕ ಠಾಣೆಯ ಪುಸ್ತಕದಲ್ಲಿ, ಹಗಲಿರುಳು ಬಂದು ದಾರಿ ಬಿಡಿಸುವ ಚುರಂ (ಘಾಟಿ) ಸಂರಕ್ಷಣಾ ಸಮಿತಿಯ ಸ್ವಯಂಸೇವಕರ ನೆನಪಿನಲ್ಲಿ ಅದು ಚದುರಿಬಿದ್ದಿದೆ. ಯಾವ ತಿರುವಿನಲ್ಲಿ ಹೆಚ್ಚು ಗಾಡಿ ನಿಲ್ಲುತ್ತವೆ, ಕ್ರೇನ್ ಎಲ್ಲಿಂದ ಬರಬೇಕು, ಬರುವ ದಾರಿಯೇ ಕಟ್ಟಿಕೊಂಡಾಗ ಏನು ಮಾಡಿದರು, ಒಂದು ಲಾರಿ ಎತ್ತಲು ಎಷ್ಟು ಹೊತ್ತು ಹಿಡಿಯಿತು ಎಂದು ಒಂದೊಂದಾಗಿ ಬರೆದುಕೊಳ್ಳುತ್ತಿದ್ದೇನೆ. ಆ ಹೊತ್ತನ್ನು, ವರದಿಯ 18ರಲ್ಲಿ ಮೂರು ಎಂಬ ಲೆಕ್ಕದಂತೆ, ಒಂದೇ ಗಳಿಗೆಯಲ್ಲಿ ಘಾಟಿಯ ಮೇಲಿರುವ ಲಾರಿಗಳ ಆರನೇ ಒಂದು ಪಾಲಿನಿಂದ ಗುಣಿಸಬೇಕಾಗಿದೆ.